ವಿಧಿ, ನಿಯತಿ, ದೈವ: ಕೆಲವು ಶಬ್ದಗಳ ಚರಿತ್ರೆ

ಮನುಷ್ಯನ ಪಾಲಿಗೆ ಬರುವ ಸುಖದುಃಖಗಳನ್ನು ಕುರಿತು ಹೇಳಲು ಕನ್ನಡದಲ್ಲಿ ಶಬ್ದಗಳಿಗೆ ಬರವಿಲ್ಲ. ವಿಧಿ, ದೈವ, ನಿಯತಿ, ಅದೃಷ್ಟ, ಭಾಗ್ಯ, ಭವಿತವ್ಯ, ಪ್ರಾರಬ್ಧ, ಹಣೆಬರಹ, ಪಡೆದು ಬಂದದ್ದು ಎಂದು ಪಟ್ಟಿ ಬೆಳೆಯುತ್ತದೆ. ಇವುಗಳ ಸಾಲಿಗೆ ‘ಕರ್ಮ’ ಎಂಬ ಮಾತೂ ಬಂದು ಸೇರಿದೆ. ‘ಏನು ಮಾಡುವುದು, ನಮ್ಮ ಕರ್ಮ’ ಎಂದು ನಿಟ್ಟುಸಿರು ಬಿಡುವವರು ಆ ಶಬ್ದವನ್ನು ‘ಹಣೆಬರಹ’ದ ಸಮಾನಾರ್ಥಕವಾಗಿಯೇ ಬಳಸುತ್ತಾರೆ. ಇದರಿಂದ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಜೈನರದು ಕರ್ಮಸಿದ್ಧಾಂತ, ಆದ್ದರಿಂದ ಜೈನರು ಎಲ್ಲವೂ ಮೊದಲೇ ನಿಶ್ಚಯವಾಗಿದೆಯೆಂದು ನಂಬುವವರು ಎಂಬುದು ಆ ತಿಳಿವಳಿಕೆ. ಹೊರಗಿನವರು ಹೀಗೆಂದರೆ ಆಶ್ಚರ್ಯವಿಲ್ಲ. ನಮ್ಮ ಶ್ರಾವಕರ ಮನೆಗಳಲ್ಲಿಯೂ ಸಾವು ನೋವುಗಳ ಸಂದರ್ಭದಲ್ಲಿ ಇದೇ ಮಾತು ಕೇಳಿಬರುತ್ತದೆ. ಆದರೆ ಚರಿತ್ರೆಯನ್ನು ನೋಡಿದರೆ, ‘ಎಲ್ಲವೂ ನಿಯತ’ ಎಂಬ ವಾದದೊಡನೆ ಜೈನಾಚಾರ್ಯರಷ್ಟು ದೀರ್ಘಕಾಲ, ಅಷ್ಟು ಸೂಕ್ಷ್ಮವಾಗಿ ಸೆಣಸಿದವರು ವಿರಳವೆಂಬುದು ಗೊತ್ತಾಗುತ್ತದೆ.

ಮೊದಲು ಶಬ್ದಗಳ ಹುಟ್ಟನ್ನು ಗಮನಿಸೋಣ. ‘ನಿಯತಿ’ಯು ‘ಯಮ್’ ಎಂಬ ಧಾತುವಿನಿಂದ ಬಂದದ್ದು. ಬಿಗಿಹಿಡಿ, ಕಟ್ಟಿನಲ್ಲಿಡು ಎಂದು ಆ ಧಾತುವಿನ ಅರ್ಥ. ನಿಯಮ, ಯಮ, ಸಂಯಮ ಎಂಬ ಶಬ್ದಗಳೂ ಅದೇ ಧಾತುವಿನವು. ಮನುಷ್ಯನನ್ನು ಹೊರಗಿನಿಂದ ಬಿಗಿಹಿಡಿಯುವುದು ನಿಯತಿ. ಮನುಷ್ಯ ತನ್ನನ್ನು ತಾನೇ ಬಿಗಿಹಿಡಿಯುವುದು ಸಂಯಮ. ಒಂದೇ ಬೇರಿನಿಂದ ಚಿಗುರಿದ ಈ ಎರಡು ಶಬ್ದಗಳು ಮುಂದೆ ಎರಡು ಮತಗಳ ಧ್ವಜಗಳಾದುವು. ‘ವಿಧಿ’ಯು ‘ಧಾ’ ಧಾತುವಿಗೆ ‘ವಿ’ ಎಂಬ ಉಪಸರ್ಗ ಸೇರಿ ಆದದ್ದು. ವ್ಯವಸ್ಥೆಗೊಳಿಸು, ಏರ್ಪಡಿಸು ಎಂದರ್ಥ. ವಿಧಾನ, ವಿಧಾತ, ವಿಧೇಯ ಎಲ್ಲವೂ ಇದರ ಬಳಗ. ನಾವು ಬಸದಿಗಳಲ್ಲಿ ನಡೆಸುವ ಸಿದ್ಧಚಕ್ರ ವಿಧಾನದಲ್ಲಿರುವುದೂ, ಬೆಂಗಳೂರಿನ ವಿಧಾನಸೌಧದಲ್ಲಿರುವುದೂ, ಪತ್ರಿಕೆಗಳು ‘ಸಂವಿಧಾನದ 21ನೆಯ ವಿಧಿ’ ಎಂದು ಬರೆಯುವಾಗ ಇರುವುದೂ ಇದೇ ಮೂಲ. ಅಂದರೆ ‘ವಿಧಿ’ಯ ಮೊದಲ ಅರ್ಥ ‘ಹೀಗೆ ಮಾಡತಕ್ಕದ್ದು’ ಎಂಬ ಕಟ್ಟಳೆ. ಅದು ಕರ್ತವ್ಯವನ್ನು ಸೂಚಿಸುವ ಮಾತು. ಲೋಕವನ್ನು ಏರ್ಪಡಿಸಿದವನು ಎಂಬ ಅರ್ಥದಲ್ಲಿ ಬ್ರಹ್ಮನಿಗೂ ಆ ಹೆಸರು ಬಂದು, ಅವನು ಹಣೆಯಲ್ಲಿ ಬರೆದದ್ದು ಎಂಬ ಅರ್ಥ ಆಮೇಲೆ ಅಂಟಿಕೊಂಡಿತು. ಹಳಗನ್ನಡ ಕವಿಗಳ ‘ಬಿದಿ’ ಇದರ ತದ್ಭವ. ಮಗು ಹುಟ್ಟಿದ ಆರನೆಯ ರಾತ್ರಿ ಷಷ್ಠೀದೇವಿ ಬಂದು ಹಣೆಯ ಮೇಲೆ ಬರೆದುಹೋಗುತ್ತಾಳೆಂಬ ಜನಪದ ನಂಬಿಕೆಯೂ ಇದರೊಡನೆ ಬೆರೆತು ‘ಹಣೆಬರಹ’ ಎಂಬ ಮಾತು ಗಟ್ಟಿಯಾಯಿತು.

‘ದೈವ’ವೆಂದರೆ ದೇವನಿಗೆ ಸಂಬಂಧಿಸಿದುದು. ತುಳುನಾಡಿನಲ್ಲಿ ಅದು ಇನ್ನೂ ಬೇರೊಂದು ದಾರಿ ಹಿಡಿದು, ಕೋಲ ನೇಮಗಳಲ್ಲಿ ಮೈದುಂಬಿ ನ್ಯಾಯ ಹೇಳುವ ಶಕ್ತಿಗಳಿಗೆ ಹೆಸರಾಯಿತು. ಅಲ್ಲಿ ದೈವವು ಮಾತಾಡುತ್ತದೆ, ಸಿಟ್ಟಾಗುತ್ತದೆ, ಸಮಾಧಾನವಾಗುತ್ತದೆ. ಅಲ್ಲಿನ ದೈವಕ್ಕೆ ‘ಕುರುಡು’ ಎಂಬ ವಿಶೇಷಣ ಸಲ್ಲದು. ‘ಅದೃಷ್ಟ’ದ ಗತಿ ಇನ್ನೂ ವಿಚಿತ್ರ. ಕಣ್ಣಿಗೆ ಕಾಣದ ಪುಣ್ಯಪಾಪಗಳ ಸಂಸ್ಕಾರ ಎಂಬ ಶಾಸ್ತ್ರೀಯ ಅರ್ಥದಲ್ಲಿ ವೈಶೇಷಿಕರೂ ಮೀಮಾಂಸಕರೂ ಚರ್ಚಿಸಿದ ಆ ಶಬ್ದ ಇಂದು ಲಾಟರಿ ಹೊಡೆದವನ ಪಾಲಿಗೆ ಮಾತ್ರ ಉಳಿದಿದೆ.

ಇಂಗ್ಲಿಷಿನ ‘ಡೆಸ್ಟಿನಿ’ ಎಂಬ ಶಬ್ದವೂ ಲ್ಯಾಟಿನ್ನಿನಲ್ಲಿ ‘ಬಿಗಿಯಾಗಿ ನಿಲ್ಲಿಸು, ಗೊತ್ತುಮಾಡು’ ಎಂಬರ್ಥದ ಕ್ರಿಯಾಪದದಿಂದಲೇ ಬಂದದ್ದು. ನಮ್ಮ ‘ನಿಯತಿ’ಗೆ ಸಮೀಪದ ಬಂಧು. ಆದರೆ ಬಳಕೆಯಲ್ಲಿ ಅದು ಮುಂದಕ್ಕೆ ನೋಡುತ್ತದೆ. 1947ರ ಆಗಸ್ಟ್ 14ರ ಮಧ್ಯರಾತ್ರಿ ಜವಾಹರಲಾಲ್ ನೆಹರೂ ಅವರು ಸಂವಿಧಾನ ಸಭೆಯಲ್ಲಿ ಆ ಶಬ್ದವನ್ನು ಉಚ್ಚರಿಸಿದಾಗ ಅದರಲ್ಲಿ ಭರವಸೆಯಿತ್ತು, ಕೊಟ್ಟ ಮಾತಿನ ನೆನಪಿತ್ತು. ಅಲ್ಲಿ ‘ವಿಧಿ’ ಎಂದು ಕನ್ನಡಿಸಿದರೆ ಕೇಳುವವನಿಗೆ ದುಃಖದ ವಾಸನೆ ಬಡಿಯುತ್ತದೆ. ನಮ್ಮ ‘ವಿಧಿ’ ಹಿಂದಕ್ಕೆ ತಿರುಗಿ, ಆಗಿಹೋದುದನ್ನು ನೋಡಿ ತಲೆದೂಗುವ ಶಬ್ದವಾಗಿಬಿಟ್ಟಿದೆ. ಹೀಗೇಕಾಯಿತು?

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮಕ್ಖಲಿ ಗೋಸಾಲನ ಕಾಲಕ್ಕೆ ಹೋಗಬೇಕು. ಭಗವಾನ್ ಮಹಾವೀರರ ಸಮಕಾಲೀನನಾದ ಈತ ಆಜೀವಿಕ ಸಂಪ್ರದಾಯದ ನಾಯಕ. ಶ್ವೇತಾಂಬರ ಆಗಮವಾದ ‘ಭಗವತೀಸೂತ್ರ’ದ 15ನೆಯ ಶತಕದಲ್ಲಿ ಅವನ ಕಥೆ ವಿಸ್ತಾರವಾಗಿ ಬರುತ್ತದೆ. ದಿಗಂಬರ ಪರಂಪರೆಯಲ್ಲಿ ಈ ಆಗಮಗಳಿಗೆ ಪ್ರಾಮಾಣ್ಯವಿಲ್ಲ. ದೇವಸೇನರ ‘ದರ್ಶನಸಾರ’ದಲ್ಲಿ ಮಸ್ಕರಿಯ ವೃತ್ತಾಂತ ಬೇರೆ ರೀತಿಯಲ್ಲಿದೆ. ಆದರೂ ವಿಚಾರದ ಇತಿಹಾಸಕ್ಕೆ ‘ಭಗವತೀಸೂತ್ರ’ದ ಒಂದು ಪ್ರಸಂಗ ಬಹು ಮುಖ್ಯವಾದುದು. ಗೋಸಾಲನು ಮಹಾವೀರರೊಡನೆ ಸಂಚರಿಸುತ್ತಿದ್ದಾಗ ದಾರಿಯಲ್ಲಿ ಒಂದು ಎಳ್ಳಿನ ಗಿಡ ಕಂಡಿತು. ಇದು ಫಲಿಸುವುದೇ ಎಂದು ಅವನು ಕೇಳಿದ. ಫಲಿಸುವುದು, ಇದರ ಏಳು ಹೂಗಳ ಜೀವಗಳು ಒಂದೇ ಕಾಯಿಯಲ್ಲಿ ಏಳು ಎಳ್ಳುಗಳಾಗಿ ಹುಟ್ಟುವುವು ಎಂದು ಮಹಾವೀರರು ನುಡಿದರು. ಆ ಮಾತನ್ನು ಸುಳ್ಳುಮಾಡಬೇಕೆಂದು ಗೋಸಾಲನು ಹಿಂದೆ ಉಳಿದು ಗಿಡವನ್ನು ಬೇರುಸಹಿತ ಕಿತ್ತೆಸೆದ. ಅಷ್ಟರಲ್ಲಿ ಮಳೆ ಬಂದು, ಗಿಡ ಬಿದ್ದಲ್ಲೇ ಬೇರೂರಿತು. ಹಿಂದಿರುಗಿ ಬರುವಾಗ ನೋಡಿದರೆ ಒಂದೇ ಕಾಯಿಯಲ್ಲಿ ಏಳು ಎಳ್ಳು!

ಈ ಘಟನೆಯಿಂದ ಗೋಸಾಲನು ಪಾಠವನ್ನೇನೋ ಕಲಿತ, ಆದರೆ ಅದು ಬೇರೆಯೇ ಪಾಠ. ಆಗಬೇಕಾದುದು ಆಗಿಯೇ ತೀರುತ್ತದೆ, ಕೀಳುವ ಕೈಗೆ ಬೆಲೆಯಿಲ್ಲ ಎಂದು ಅವನು ತೀರ್ಮಾನಿಸಿದಂತೆ ತೋರುತ್ತದೆ. ಗಿಡವನ್ನು ಮತ್ತೆ ನಿಲ್ಲಿಸಿದ್ದು ಮಳೆ ಎಂಬ ಕಾರಣ. ನಿಯತಿಯೆಂಬ ಬೇರೊಂದು ಶಕ್ತಿಯಲ್ಲ. ಆ ಮಳೆಯನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬೌದ್ಧರ ದೀಘನಿಕಾಯದ ‘ಸಾಮಞ್ಞಫಲಸುತ್ತ’ವೂ ಮಕ್ಖಲಿಯ ಮತವನ್ನು ತಿಳಿಸುತ್ತದೆ. ಜೀವಿಗಳ ಶುದ್ಧಿಗಾಗಲಿ ಮಾಲಿನ್ಯಕ್ಕಾಗಲಿ ಕಾರಣವಿಲ್ಲ. ಬಲವಿಲ್ಲ, ವೀರ್ಯವಿಲ್ಲ, ಪುರುಷಪ್ರಯತ್ನವಿಲ್ಲ. ಎಸೆದ ನೂಲಿನ ಉಂಡೆ ತನ್ನ ನೂಲು ಮುಗಿಯುವವರೆಗೆ ಬಿಚ್ಚಿಕೊಳ್ಳುತ್ತ ಹೋಗುವಂತೆ ಮೂಢನೂ ಪಂಡಿತನೂ ಸಂಸಾರದಲ್ಲಿ ಉರುಳಿ ಉರುಳಿ ಕೊನೆಗೊಮ್ಮೆ ದುಃಖದ ಅಂತ್ಯವನ್ನು ಕಾಣುವರು. ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆಜೀವಿಕರು ಸೋಮಾರಿಗಳೂ ಭೋಗಿಗಳೂ ಆಗಿದ್ದರೆಂದು ಭಾವಿಸುವುದು ಸರಿಯಲ್ಲ. ಅವರು ನಗ್ನರಾಗಿ, ಕಠೋರ ತಪಸ್ಸನ್ನು ಆಚರಿಸುತ್ತಿದ್ದವರು. ಎಲ್ಲವೂ ನಿಯತವಾಗಿದ್ದರೆ ತಪಸ್ಸೇಕೆ ಎಂದು ಕೇಳಿದರೆ, ತಪಸ್ಸೂ ನಿಯತವೇ ಎಂಬುದಲ್ಲದೆ ಅವರಿಗೆ ಬೇರೆ ಉತ್ತರವಿರಲಾರದು. ಅವರ ಪ್ರಭಾವವೂ ಅಲ್ಪವಾಗಿರಲಿಲ್ಲ. ಸಾಮ್ರಾಟ ಅಶೋಕನು ತನ್ನ ಆಳ್ವಿಕೆಯ 12ನೆಯ ವರ್ಷದಲ್ಲಿ ಗಯೆಯ ಬಳಿಯ ಬರಾಬರ್ ಬೆಟ್ಟದಲ್ಲಿ ಅವರಿಗೆ ಗುಹೆಗಳನ್ನು ಕೊಟ್ಟ. ಅವನ ಮೊಮ್ಮಗ ದಶರಥನು ನಾಗಾರ್ಜುನಿ ಬೆಟ್ಟದಲ್ಲಿ ಮೂರು ಗುಹೆಗಳನ್ನು ಕೊಟ್ಟ. ಅಶೋಕನ 7ನೆಯ ಸ್ತಂಭಶಾಸನದಲ್ಲಿ ಆಜೀವಿಕರ ಹೆಸರೂ ನಿರ್ಗ್ರಂಥರ ಹೆಸರೂ ಜೊತೆಜೊತೆಯಾಗಿ ಬರುತ್ತವೆ. ಉತ್ತರದಲ್ಲಿ ಅವರು ಕಣ್ಮರೆಯಾದ ಮೇಲೂ ದಕ್ಷಿಣದಲ್ಲಿ ಬಹುಕಾಲ ಉಳಿದರು. ಎ. ಎಲ್. ಬಾಷಂ ಅವರು 1951ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಮಿಳುನಾಡಿನ ಮತ್ತು ನಮ್ಮ ಕೋಲಾರದ ಕಡೆಯ ಶಾಸನಗಳನ್ನು ಆಧರಿಸಿ, 14ನೆಯ ಶತಮಾನದವರೆಗೂ ಅವರ ಸುಳಿವು ಸಿಗುತ್ತದೆಂದು ತೋರಿಸಿದ್ದಾರೆ. ನಿಯತಿವಾದವು ಕನ್ನಡ ನೆಲಕ್ಕೆ ಕೇವಲ ಪುಸ್ತಕದ ಪೂರ್ವಪಕ್ಷವಾಗಿ ಬಂದುದಲ್ಲವೆಂಬುದು ಇದರಿಂದ ಸ್ಪಷ್ಟ.

ಈ ವಾದಕ್ಕೆ ನಿರ್ಗ್ರಂಥರು ಕೊಟ್ಟ ಉತ್ತರಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದುದು ಯಾವುದೋ ತರ್ಕಗ್ರಂಥದ್ದಲ್ಲ; ‘ಉವಾಸಗದಸಾಓ’ ಎಂಬ ಆಗಮದಲ್ಲಿ ಬರುವ ಒಬ್ಬ ಕುಂಬಾರನ ಕಥೆ. ಪೋಲಾಸಪುರದ ಸದ್ದಾಲಪುತ್ತನು ಆಜೀವಿಕರ ಉಪಾಸಕ. ಊರ ಹೊರಗೆ 500 ಕುಂಬಾರಿಕೆಯ ಅಂಗಡಿಗಳಿದ್ದ ಸಿರಿವಂತ. ಒಂದು ದಿನ ಅವನು ಗಾಳಿಗೆ ಆರಿದ ಮಡಕೆಗಳನ್ನು ಒಳಗಿನಿಂದ ತಂದು ಬಿಸಿಲಿಗೆ ಇಡುತ್ತಿದ್ದಾಗ ಮಹಾವೀರರು ಕೇಳಿದರು: ಈ ಮಡಕೆಗಳು ಹೇಗಾದುವು? ಅವನು ವಿವರಿಸಿದ: ಮೊದಲು ಮಣ್ಣಾಗಿತ್ತು, ನೀರು ಹಾಕಿ ಕಲಸಿ, ಬೂದಿ ಸಗಣಿ ಬೆರೆಸಿ, ತಿಗರಿಗೆ ಏರಿಸಿದೆವು. ಹಾಗಾದರೆ ಇವು ಪ್ರಯತ್ನದಿಂದ ಆದುವೇ, ಪ್ರಯತ್ನವಿಲ್ಲದೆ ಆದುವೇ? ಕುಂಬಾರನು ತನ್ನ ಮತಕ್ಕೆ ನಿಷ್ಠನಾಗಿ ಹೇಳಿದ: ಪ್ರಯತ್ನವೆಂಬುದೇ ಇಲ್ಲ, ಎಲ್ಲ ಭಾವಗಳೂ ನಿಯತ. ಆಗ ಬಂದ ಪ್ರಶ್ನೆ ತೀರ ಲೌಕಿಕವಾದುದು. ಯಾರಾದರೂ ಬಂದು ನಿನ್ನ ಮಡಕೆಗಳನ್ನು ಕದ್ದರೆ, ಒಡೆದರೆ, ಅಥವಾ ನಿನ್ನ ಹೆಂಡತಿ ಅಗ್ಗಿಮಿತ್ತೆಯೊಡನೆ ದುರಾಚಾರಕ್ಕೆ ತೊಡಗಿದರೆ ನೀನು ಏನು ಮಾಡುವೆ? ಬೈಯುವೆ, ಹೊಡೆಯುವೆ, ಕಟ್ಟಿಹಾಕುವೆ ಎಂದ ಅವನು. ಎಲ್ಲವೂ ನಿಯತವಾಗಿದ್ದರೆ ಆ ಮನುಷ್ಯ ಏನನ್ನೂ ಮಾಡಲಿಲ್ಲವಲ್ಲ, ಮಾಡದವನನ್ನು ಹೊಡೆಯುವುದೇಕೆ? ಸದ್ದಾಲಪುತ್ತನಿಗೆ ಅರಿವಾಯಿತು.

ಕಥೆಯ ಸ್ವಾರಸ್ಯ ಇರುವುದು ಪ್ರಶ್ನೆಯು ಎಲ್ಲಿಂದ ಎಲ್ಲಿಗೆ ಹೋಯಿತೆಂಬುದರಲ್ಲಿ. ಮಡಕೆ ಹೇಗಾಯಿತೆಂಬ ಕಾರಣಚರ್ಚೆಯಲ್ಲಿ ನಿಯತಿವಾದಿಯು ಸೋಲಲಿಲ್ಲ. ಅವನು ಸೋತದ್ದು ಅಪರಾಧದ ಹೊಣೆ ಯಾರದೆಂಬ ನೀತಿಯ ಚರ್ಚೆಯಲ್ಲಿ. ತನ್ನ ಮೇಲೆ ಅನ್ಯಾಯವಾದಾಗ ಯಾವ ನಿಯತಿವಾದಿಯೂ ನಿಯತಿವಾದಿಯಾಗಿ ಉಳಿಯುವುದಿಲ್ಲ. ಪರರ ದುಃಖಕ್ಕೆ ‘ವಿಧಿ’ಯನ್ನು ಕಾರಣವಾಗಿ ಹೇಳುವವರು ತಮ್ಮ ಮಡಕೆ ಒಡೆದಾಗ ಕಳ್ಳನನ್ನೇ ಹುಡುಕುತ್ತಾರೆ. ಅದೇ ಗ್ರಂಥದ ಕುಂಡಕೋಲಿಯನ ಕಥೆಯೂ ಹೀಗೆಯೇ ಚುರುಕಾದುದು. ಗೋಸಾಲನ ಮತವನ್ನು ಹೊಗಳಲು ಬಂದ ದೇವನನ್ನು ಅವನು ಕೇಳುತ್ತಾನೆ: ಈ ದೇವಪದವಿ ನಿನಗೆ ಪ್ರಯತ್ನದಿಂದ ಬಂತೇ, ಇಲ್ಲದೆಯೇ ಬಂತೇ? ಇಲ್ಲದೆಯೇ ಬಂದುದಾದರೆ ಪ್ರಯತ್ನವಿಲ್ಲದ ಉಳಿದ ಜೀವಗಳೇಕೆ ದೇವರಾಗಲಿಲ್ಲ? ದೇವನು ಮಾತಿಲ್ಲದೆ ಹೊರಟುಹೋದ.

ಇನ್ನು ಶಾಸ್ತ್ರಕಾರರ ಕಡೆಗೆ ಬರೋಣ. ಶ್ವೇತಾಶ್ವತರ ಉಪನಿಷತ್ತಿನಲ್ಲಿಯೇ ಜಗತ್ತಿಗೆ ಕಾರಣವೇನೆಂದು ವಿಚಾರಿಸುವಲ್ಲಿ ಕಾಲ, ಸ್ವಭಾವ, ನಿಯತಿ, ಯದೃಚ್ಛೆಗಳ ಹೆಸರುಗಳಿವೆ. ಸಿದ್ಧಸೇನ ದಿವಾಕರರು ‘ಸನ್ಮತಿತರ್ಕ’ದಲ್ಲಿ ಕಾಲ, ಸ್ವಭಾವ, ನಿಯತಿ, ಪೂರ್ವಕೃತ, ಪುರುಷ ಎಂಬ ಐದನ್ನು ಹೇಳಿ, ಒಂದೊಂದನ್ನೇ ಏಕಾಂತವಾಗಿ ಹಿಡಿದರೆ ಮಿಥ್ಯಾತ್ವ, ಒಟ್ಟಾಗಿ ಗ್ರಹಿಸಿದರೆ ಸಮ್ಯಕ್ತ್ವ ಎಂದರು. ಇಲ್ಲಿ ಗಮನಿಸಬೇಕಾದುದು ‘ನಿಯತಿ’ಯೂ ‘ಪೂರ್ವಕೃತ’ವೂ ಬೇರೆ ಬೇರೆಯಾಗಿ ಎಣಿಸಲ್ಪಟ್ಟಿರುವುದು. ಪೂರ್ವಕೃತವೆಂದರೆ ಕರ್ಮ. ಕರ್ಮವೇ ನಿಯತಿ ಎಂದು ಆಚಾರ್ಯರು ಭಾವಿಸಿದ್ದರೆ ಎರಡು ಹೆಸರು ಬೇಕಾಗಿರಲಿಲ್ಲ.

ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ದೈವ ಪೌರುಷಗಳ ವಿಚಾರವನ್ನು ಕೆಲವೇ ಕಾರಿಕೆಗಳಲ್ಲಿ ಮುಗಿಸಿದ್ದಾರೆ. ಎಲ್ಲವೂ ದೈವದಿಂದಲೇ ಆಗುವುದಾದರೆ ಆ ದೈವವು ಹಿಂದಿನ ಪೌರುಷದಿಂದ ಆಯಿತೆಂದು ಹೇಳುವಂತಿಲ್ಲ. ದೈವದಿಂದಲೇ ದೈವವೆಂದರೆ ಆ ಸರಪಳಿಗೆ ಕೊನೆಯಿಲ್ಲ, ಮೋಕ್ಷವೂ ಇಲ್ಲ. ಎಲ್ಲವೂ ಪೌರುಷದಿಂದಲೇ ಆಗುವುದೆಂದರೆ ಪ್ರಯತ್ನಿಸಿದ ಪ್ರತಿ ಪ್ರಾಣಿಯೂ ಗೆಲ್ಲಬೇಕಾಗಿತ್ತು. ಆದ್ದರಿಂದ ನಾವು ಬುದ್ಧಿಪೂರ್ವಕವಾಗಿ ಯತ್ನಿಸದೆ ಬಂದೊದಗಿದ ಇಷ್ಟಾನಿಷ್ಟಗಳನ್ನು ದೈವದಿಂದ ಬಂದುವೆನ್ನಬೇಕು. ಬುದ್ಧಿಪೂರ್ವಕವಾಗಿ ಮಾಡಿ ಪಡೆದುದನ್ನು ಪೌರುಷದಿಂದ ಬಂದುವೆನ್ನಬೇಕು. ಎಷ್ಟು ಹದವಾದ ಮಾತು! ಇವರೇ ‘ಸ್ವಯಂಭೂಸ್ತೋತ್ರ’ದಲ್ಲಿ ಸುಪಾರ್ಶ್ವ ತೀರ್ಥಂಕರರನ್ನು ಸ್ತುತಿಸುವಾಗ ಭವಿತವ್ಯತೆಯ ಶಕ್ತಿಯನ್ನು ಮೀರಲಾಗದೆಂದೂ ಹೇಳಿದ್ದಾರೆ. ಅಲ್ಲಿನ ಗುರಿ ‘ನಾನೇ ಮಾಡಿದೆ’ ಎಂಬ ಅಹಂಕಾರ. ಇಲ್ಲಿನ ಗುರಿ ‘ನನ್ನಿಂದೇನೂ ಆಗದು’ ಎಂಬ ಆಲಸ್ಯ. ಅಕಲಂಕದೇವರು ಈ ಕಾರಿಕೆಗಳಿಗೆ ಬರೆದ ‘ಅಷ್ಟಶತೀ’ ಭಾಷ್ಯದಲ್ಲಿ ದೈವವನ್ನು ಯೋಗ್ಯತೆ ಅಥವಾ ಪೂರ್ವಕರ್ಮವೆಂದೂ, ಪೌರುಷವನ್ನು ಇಲ್ಲಿ ಕಣ್ಣಿಗೆ ಕಾಣುವ ಚೇಷ್ಟೆಯೆಂದೂ ಲಕ್ಷಣೀಕರಿಸಿದರು. ದೇವರಿಗೆ ಸಂಬಂಧಿಸಿದ್ದ ‘ದೈವ’ದಲ್ಲಿ ಹೀಗೆ ದೇವರೇ ಇಲ್ಲದಂತಾಯಿತು.

ಈ ಕೆಲಸವನ್ನು ಇನ್ನೂ ಧೈರ್ಯವಾಗಿ ಮಾಡಿದವರು ಜಿನಸೇನಾಚಾರ್ಯರು. ರಾಷ್ಟ್ರಕೂಟ ಅಮೋಘವರ್ಷನ ಗುರುಗಳಾದ ಇವರು ಸಂಸ್ಕೃತ ‘ಆದಿಪುರಾಣ’ದಲ್ಲಿ ಸೃಷ್ಟಿಕರ್ತೃವಾದವನ್ನು ಖಂಡಿಸುತ್ತ ವಿಧಿ, ಸ್ರಷ್ಟಾ, ವಿಧಾತಾ, ದೈವ, ಪುರಾಕೃತ ಕರ್ಮ, ಈಶ್ವರ ಇವೆಲ್ಲವೂ ಕರ್ಮವೆಂಬ ಬ್ರಹ್ಮನ ಪರ್ಯಾಯನಾಮಗಳೆಂದು ಸಾರಿದರು. ಜನರ ಬಾಯಲ್ಲಿದ್ದ ಶಬ್ದಗಳನ್ನು ಅವರು ತಿರಸ್ಕರಿಸಲಿಲ್ಲ. ಅವುಗಳೊಳಗಿನ ಅರ್ಥವನ್ನು ಬದಲಾಯಿಸಿದರು. ಬರೆಯುವವನು ಹೊರಗಿನವನಲ್ಲ, ನೀನೇ ಎಂಬುದು ಇದರ ತಾತ್ಪರ್ಯ. 941ರಲ್ಲಿ ಪಂಪನು ಕನ್ನಡದಲ್ಲಿ ‘ಆದಿಪುರಾಣ’ವನ್ನು ರಚಿಸಿದಾಗ ಅವನ ಮುಂದಿದ್ದುದು ಈ ಗ್ರಂಥವೇ.

ಆದರೆ ಅರ್ಥ ಬದಲಾಯಿಸಿದರೂ ಹಳೆಯ ಶಬ್ದಕ್ಕೆ ಅಂಟಿದ ಭಾವ ಅಷ್ಟು ಸುಲಭವಾಗಿ ಹೋಗುವುದಿಲ್ಲ. ವಿಧಿ ಎಂದರೆ ಕರ್ಮ ಎಂದು ಆಚಾರ್ಯರು ಹೇಳಿದರು. ಜನರು ಅದನ್ನು ತಿರುವಿಹಾಕಿ ಕರ್ಮವೆಂದರೆ ವಿಧಿ ಎಂದುಕೊಂಡರು! ಕರ್ಮಕ್ಕೆ ಹಣೆಬರಹದ ಅನಿವಾರ್ಯತೆ ಬಂದದ್ದು ಬಹುಶಃ ಹೀಗೆಯೇ ಎಂದು ನನ್ನ ಊಹೆ.

ಕರ್ಮಶಾಸ್ತ್ರವನ್ನು ಓದಿದವರಿಗೆ ಈ ಅನಿವಾರ್ಯತೆ ಎಲ್ಲಿಯೂ ಕಾಣದು. ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ‘ಗೊಮ್ಮಟಸಾರ’ದ ಕರ್ಮಕಾಂಡದಲ್ಲಿ, ಯಾವುದು ಯಾವಾಗ ಯಾರಿಂದ ಹೇಗೆ ಆಗಬೇಕೋ ಅದು ಹಾಗೆಯೇ ಆಗುವುದೆಂಬ ನಿಯತಿವಾದವನ್ನು 363 ಏಕಾಂತಮತಗಳ ನಿರೂಪಣೆಯಲ್ಲಿಯೇ ಸೇರಿಸಲಾಗಿದೆ. ಅದೇ ಗ್ರಂಥ ಕರ್ಮದ ಹತ್ತು ಕರಣಗಳನ್ನು ವಿವರಿಸುತ್ತದೆ. ಕಟ್ಟಿದ ಕರ್ಮದ ಸ್ಥಿತಿ ಅನುಭಾಗಗಳು ಹೆಚ್ಚಬಹುದು, ಅದು ಉತ್ಕರ್ಷಣ. ಕುಗ್ಗಬಹುದು, ಅದು ಅಪಕರ್ಷಣ. ಅಸಾತವು ಸಾತವಾಗಿ ಮಾರ್ಪಡಬಹುದು, ಅದು ಸಂಕ್ರಮಣ. ಕಾಲಕ್ಕೆ ಮೊದಲೇ ಹಣ್ಣಾಗಿ ಉದುರಬಹುದು, ಅದು ಉದೀರಣೆ. ಈ ನಾಲ್ಕಕ್ಕೂ ಒಗ್ಗದೆ ಗಟ್ಟಿಯಾಗಿ ನಿಲ್ಲುವುದು ನಿಕಾಚಿತವೊಂದೇ. ಜಿನಬಿಂಬದರ್ಶನದಿಂದ ಅಂಥ ನಿಕಾಚಿತವೂ ಕರಗುವುದೆಂದು ವೀರಸೇನಾಚಾರ್ಯರ ‘ಧವಳಾ’ ಟೀಕೆ ಹೇಳುತ್ತದೆ. 1359ರಲ್ಲಿ ಕೇಶವವರ್ಣಿಯು ಈ ‘ಗೊಮ್ಮಟಸಾರ’ಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಅಂದರೆ ಈ ವಿಚಾರಗಳು ಆರೂವರೆ ಶತಮಾನಗಳಿಂದ ನಮ್ಮ ಭಾಷೆಯಲ್ಲಿಯೇ ಇವೆ.

ಆಯುಷ್ಯದ ಮಾತನ್ನೂ ನೋಡಿ. ಯಾರಾದರೂ ತೀರಿಕೊಂಡರೆ ‘ಆಯುಷ್ಯ ಮುಗಿದಿತ್ತು’ ಎನ್ನುತ್ತೇವೆ. ‘ತತ್ತ್ವಾರ್ಥಸೂತ್ರ’ದ ಎರಡನೆಯ ಅಧ್ಯಾಯದ ಕೊನೆಯ ಸೂತ್ರ ದೇವನಾರಕರು, ಚರಮದೇಹಿಗಳು ಮೊದಲಾದವರ ಆಯುಷ್ಯ ಮಾತ್ರ ಮೊಟಕಾಗದೆಂದು ಹೇಳುತ್ತದೆ. ಉಳಿದವರ, ಎಂದರೆ ನಮ್ಮ ನಿಮ್ಮೆಲ್ಲರ ಆಯುಷ್ಯ ವಿಷಶಸ್ತ್ರಾದಿಗಳಿಂದ ನಡುವೆಯೇ ಕಡಿಯಬಹುದು. ಅಕಲಂಕದೇವರು ‘ರಾಜವಾರ್ತಿಕ’ದಲ್ಲಿ ಇದಕ್ಕೆ ಆಯುರ್ವೇದವನ್ನೇ ಪ್ರಮಾಣವಾಗಿ ಕೊಡುತ್ತಾರೆ. ಅಕಾಲಮರಣವೆಂಬುದಿಲ್ಲದಿದ್ದರೆ ಅದನ್ನು ತಡೆಯಹೊರಟ ವೈದ್ಯಶಾಸ್ತ್ರವೇ ವ್ಯರ್ಥವಾಗಬೇಕಾಗುತ್ತಿತ್ತು. ಚಿಕಿತ್ಸೆಗೆ ತಡಮಾಡಿ, ಆಮೇಲೆ ಆಯುಷ್ಯದ ಮೇಲೆ ಹೊರಿಸುವ ಮನೆಗಳವರು ಈ ಭಾಗವನ್ನು ಒಮ್ಮೆ ಓದಬೇಕು.

20ನೆಯ ಶತಮಾನದಲ್ಲಿ ಈ ಹಳೆಯ ಚರ್ಚೆ ‘ಕ್ರಮಬದ್ಧಪರ್ಯಾಯ’ ಎಂಬ ಹೊಸ ಹೆಸರಿನಿಂದ ಮತ್ತೆ ಎದ್ದಿತು. ಸೋನಗಢದ ಕಾನಜಿಸ್ವಾಮಿಯವರು (1890-1980) ಒತ್ತಿಹೇಳಿದ ಈ ವಿಚಾರದಂತೆ, ಕೇವಲಜ್ಞಾನಿಯು ಮುಂದಿನ ಪರ್ಯಾಯಗಳನ್ನೆಲ್ಲ ಅರಿತಿರುವುದರಿಂದ ಅವುಗಳ ಕ್ರಮ ನಿಶ್ಚಿತ. ಇದು ಗೋಸಾಲನ ಮತವೇ ಎಂದು ವಿರೋಧಿಗಳು ಆಕ್ಷೇಪಿಸಿದರು. ಪುರುಷಾರ್ಥವೂ ಆ ಕ್ರಮದಲ್ಲಿಯೇ ಅಡಗಿದೆ, ಇದರಿಂದ ಕರ್ತೃತ್ವದ ಅಹಂಕಾರ ಮಾತ್ರ ಹೋಗುತ್ತದೆ ಎಂದು ಸಮರ್ಥಕರು ಉತ್ತರಿಸಿದರು. ಎರಡು ಕಡೆಯಲ್ಲಿಯೂ ವಿದ್ವಾಂಸರಿದ್ದಾರೆ. ಆ ವಿವಾದವನ್ನು ಇಲ್ಲಿ ಬಗೆಹರಿಸುವ ಉದ್ದೇಶವಿಲ್ಲ. ಬಲ್ಲವನ ಜ್ಞಾನವು ಘಟನೆಗೆ ಕಾರಣವಲ್ಲವೆಂಬುದನ್ನು ಇಬ್ಬರೂ ಒಪ್ಪುತ್ತಾರೆಂಬುದೇ ನಮಗೆ ಸಾಕು. ಎಳ್ಳಿನ ಗಿಡವನ್ನು ನಿಲ್ಲಿಸಿದ್ದು ಮಹಾವೀರರ ಮಾತಲ್ಲ.

ಕವಿಗಳು ಶಾಸ್ತ್ರಕಾರರಷ್ಟು ಬಿಗಿಯಾಗಿರಲಿಲ್ಲ. ನಾಗಚಂದ್ರನ ರಾವಣ ಸೀತೆಯನ್ನು ಕಂಡು ಮನಗೆಟ್ಟಾಗ, ಸಮುದ್ರವೂ ಒಮ್ಮೊಮ್ಮೆ ಕಾಲವಶದಿಂದ ಎಲ್ಲೆ ಮೀರುವುದುಂಟೆಂದು ಕವಿ ಮರುಗುತ್ತಾನೆ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಅಮೃತಮತಿ ಜಾರಿದಾಗಲೂ ಮನ್ಮಥನ ಮಾಯೆಯೊಡನೆ ವಿಧಿಯ ಹೆಸರು ಬರುತ್ತದೆ. ಆದರೆ ಅದೇ ಕಾವ್ಯದ ಮುಖ್ಯಕಥೆಯಲ್ಲಿ ಯಶೋಧರನು ಜನ್ಮಜನ್ಮಾಂತರ ತೊಳಲಿದ್ದು ವಿಧಿಯಿಂದಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಒಂದು ಸಂಕಲ್ಪದಿಂದ. ಆಧುನಿಕ ವಿಮರ್ಶೆಯಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ರುದ್ರನಾಟಕಗಳ ಬೆಳಕಿನಲ್ಲಿ ನಾಗಚಂದ್ರನ ರಾವಣನನ್ನು ದುರಂತನಾಯಕನಾಗಿ ಕಂಡರು. ಆ ಓದು ನಮ್ಮ ಕಣ್ಣು ತೆರೆಸಿತು, ಸಂದೇಹವಿಲ್ಲ. ಆದರೆ ಗ್ರೀಕರ ವಿಧಿ ನಾಯಕನನ್ನು ಕೆಡವಿ ಕಥೆ ಮುಗಿಸುತ್ತದೆ. ಜೈನ ಪರಂಪರೆಯ ರಾವಣನ ಕಥೆ ಸಾವಿಗೆ ಮುಗಿಯುವುದಿಲ್ಲ. ನರಕವನ್ನು ಕಳೆದು, ಅನೇಕ ಭವಗಳ ಮೇಲೆ ಅವನೂ ತೀರ್ಥಂಕರನಾಗತಕ್ಕವನು.

ಇನ್ನು ನಿತ್ಯಜೀವನದ ಮಾತು. ರೋಗಿಯ ಬಳಿ, ಮಗನನ್ನು ಕಳೆದುಕೊಂಡ ತಾಯಿಯ ಬಳಿ ಕುಳಿತು ‘ನಿನ್ನ ಪೂರ್ವಕರ್ಮ’ ಎನ್ನುವವರಿದ್ದಾರೆ. ಶಾಸ್ತ್ರವಾಕ್ಯವನ್ನೇ ಹೇಳಿದೆವೆಂಬ ತೃಪ್ತಿಯೂ ಅವರಿಗಿರುತ್ತದೆ. ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯವು ದುಃಖ, ಶೋಕ, ತಾಪ, ಆಕ್ರಂದನಗಳನ್ನು ತನ್ನಲ್ಲಾಗಲಿ ಪರರಲ್ಲಾಗಲಿ ಉಂಟುಮಾಡುವುದು ಅಸಾತವೇದನೀಯದ ಆಸ್ರವಕ್ಕೆ ಕಾರಣವೆಂದೂ, ಪ್ರಾಣಿಗಳ ಮೇಲಿನ ಅನುಕಂಪೆ, ದಾನ ಮೊದಲಾದುವು ಸಾತವೇದನೀಯಕ್ಕೆ ಕಾರಣವೆಂದೂ ಹೇಳುತ್ತದೆ. ನೊಂದವಳನ್ನು ಇನ್ನಷ್ಟು ಅಳಿಸಿದ ಮಾತು, ಅದು ಕರ್ಮದ ಹೆಸರನ್ನೇ ಹೇಳುತ್ತಿದ್ದರೂ, ಹೇಳಿದವನ ಲೆಕ್ಕಕ್ಕೆ ಸೇರುತ್ತದೆ. ತನ್ನ ಕಷ್ಟವನ್ನು ತನ್ನ ಕರ್ಮವೆಂದು ಸಹಿಸಿಕೊಳ್ಳುವುದು ಸಮತಾಭಾವವಾಗಬಹುದು; ಅದೇ ವಾಕ್ಯವನ್ನು ಮಧ್ಯಮಪುರುಷದಲ್ಲಿ ಹೇಳಿದರೆ ಕ್ರೌರ್ಯವಾಗುತ್ತದೆ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದಾಗಿ, ವೈಯಾವೃತ್ತ್ಯವನ್ನು ಅಂತರಂಗ ತಪಸ್ಸಾಗಿ ಇಟ್ಟವರು, ರೋಗಿಯ ಕರ್ಮವನ್ನು ಅವನೇ ಉಣ್ಣಲಿ ಎಂದು ದೂರ ಸರಿದು ನಿಲ್ಲಲು ಹೇಳಿದವರಲ್ಲ.

ಭವಿಷ್ಯವನ್ನು ಅರಿತವರು ಹೇಗೆ ನಡೆದುಕೊಂಡರೆಂಬುದಕ್ಕೆ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿಯೇ ಸಾಕ್ಷಿಯಿದೆ. ಸುಮಾರು ಕ್ರಿ. ಶ. 600ರ ಕಾಲದ, ಅಲ್ಲಿನ ಅತಿ ಹಳೆಯ ಶಾಸನಗಳಲ್ಲೊಂದು, ಅಷ್ಟಾಂಗ ಮಹಾನಿಮಿತ್ತವನ್ನು ಬಲ್ಲ ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವಿಷಮಕಾಲವನ್ನು ಮುಂಗಂಡು ನುಡಿದರೆಂದೂ, ಸಂಘವೆಲ್ಲ ಉತ್ತರದಿಂದ ದಕ್ಷಿಣಕ್ಕೆ ಹೊರಟು ಸಮೃದ್ಧವಾದ ನಾಡನ್ನು ಸೇರಿತೆಂದೂ ತಿಳಿಸುತ್ತದೆ. ಗೋಸಾಲನೂ ಅಷ್ಟಾಂಗ ನಿಮಿತ್ತವನ್ನು ಕಲಿತು ಲಾಭಾಲಾಭ, ಜೀವನಮರಣಗಳನ್ನು ನುಡಿಯುತ್ತಿದ್ದನೆಂದು ‘ಭಗವತೀಸೂತ್ರ’ ಹೇಳುತ್ತದೆ. ವಿದ್ಯೆ ಒಂದೇ. ಬರವು ಬಂದೇ ಬರುವುದೆಂದು ತಿಳಿದಾಗ ಭದ್ರಬಾಹುಗಳ ಸಂಘ ಕುಳಿತು ಕಾಯಲಿಲ್ಲ, ನಡೆಯಿತು. ಬರವನ್ನು ತಡೆಯುವುದು ಯಾರಿಂದಲೂ ಆಗದು. ಬರವಿಲ್ಲದ ನಾಡಿಗೆ ನಡೆಯುವುದು ಕಾಲಿದ್ದವರ ಕೈಲಾಗುವ ಕೆಲಸ. ಕರ್ನಾಟಕದಲ್ಲಿ ಜೈನಧರ್ಮದ ಚರಿತ್ರೆಯನ್ನು ಪರಂಪರೆಯು ಈ ನಡಿಗೆಯಿಂದಲೇ ಪ್ರಾರಂಭಿಸುತ್ತದೆ.

ಅದೇ ಚಂದ್ರಗಿರಿಯ ನಿಷಿಧಿ ಶಾಸನಗಳಲ್ಲಿ ‘ವಿಧಿ’ ಎಂಬ ಶಬ್ದವನ್ನು ಹುಡುಕಿಕೊಂಡು ಹೋದರೆ ಅದರ ಹಳೆಯ ಅರ್ಥ ಕೆಡದೆ ಉಳಿದಿರುವುದು ಕಾಣುತ್ತದೆ. ಇಂದಿನ ಪತ್ರಿಕೆಗಳಲ್ಲಿ ಸತ್ತವರನ್ನು ‘ವಿಧಿವಶರಾದರು’ ಎಂದು ಬರೆಯುತ್ತಾರೆ. ಅಲ್ಲಿ ವಿಧಿ ಯಜಮಾನ, ಸತ್ತವನು ಅದರ ಕೈವಶ. ನಿಷಿಧಿಗಳಲ್ಲಿ ಬರುವುದು ಸಮಾಧಿವಿಧಿ, ಸನ್ಯಸನವಿಧಿ ಎಂಬಂಥ ಪ್ರಯೋಗಗಳು. ಅದು ಗುರುಗಳ ಅಪ್ಪಣೆ ಪಡೆದು, ಕ್ರಮವಾಗಿ ಆಹಾರವನ್ನು ತೊರೆದು, ಎಚ್ಚರವಾಗಿದ್ದು ದೇಹವನ್ನು ಬಿಡುವ ಕಟ್ಟಳೆ. ಈ ವ್ರತವನ್ನು ಆತ್ಮಹತ್ಯೆಯೊಡನೆ ಸಮೀಕರಿಸಿದ ರಾಜಸ್ಥಾನ ಉಚ್ಚ ನ್ಯಾಯಾಲಯದ ತೀರ್ಪು 2015ರ ಆಗಸ್ಟ್‌ನಲ್ಲಿ ಬಂದಾಗ, ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿದ್ದನ್ನು ವಾಚಕರು ಬಲ್ಲರು.

ಗಂಗರ ಮಾರಸಿಂಹನ ಕೂಗೆ ಬ್ರಹ್ಮದೇವಸ್ತಂಭದ ಶಾಸನವು ಅವನ ಯುದ್ಧಗಳನ್ನೂ ಬಿರುದುಗಳನ್ನೂ ಉದ್ದಕ್ಕೂ ಹೊಗಳಿದೆ. ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಅವನು ಸಲ್ಲೇಖನವನ್ನು ಕೈಗೊಂಡದ್ದು 974ರ ಸುಮಾರಿಗೆ. ಆ ಕೊನೆಯ ಮೂರು ದಿನಗಳಿಗೆ ಮಾತ್ರ ಶಾಸನಕಾರ ಕೆಲವೇ ಮಾತುಗಳನ್ನು ಬಳಸಿದ್ದಾನೆ. ಆರಾಧನಾವಿಧಿಯಿಂದ ಮೂರು ದಿವಸ ನೋಂತು ಸಮಾಧಿಯನ್ನು ಸಾಧಿಸಿದನೆಂಬುದು ಅದರ ಅರ್ಥ. ‘ವಿಧಿ’ಗೆ ಅಲ್ಲಿ ತೃತೀಯಾ ವಿಭಕ್ತಿ. ನೋಂತವನೂ ಸಾಧಿಸಿದವನೂ ಮಾರಸಿಂಹನೇ.